ಖಂಡಿಸಿದರೋ, ಖಂಡಿಸಲಿಲ್ಲವೋ: ಚಿಂತಾಮಣಿಯ ಮೇಷ್ಟ್ರಿಗೆ ಒಂದು ಉತ್ತರ

ಓದುಗರ ಪ್ರಶ್ನೆ: "ನಾನು ಚಿಂತಾಮಣಿಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವನಿಗೂ ನನ್ನ ಬಾಮೈದನಿಗೂ ದೊಡ್ಡ ಜಗಳ ಆಗಿದೆ. 2017ರಲ್ಲಿ ಅಲ್ಲಿ ಬಿಳಿಯರ ಗುಂಪು ಮೆರವಣಿಗೆ ಮಾಡಿ ಒಬ್ಬ ಹೆಣ್ಣುಮಗಳು ಸತ್ತಾಗ, ಟ್ರಂಪ್ ಆ ನಾಜಿಗಳನ್ನೇ 'ತುಂಬಾ ಒಳ್ಳೆಯವರು' ಅಂದರು ಅಂತ ಮಗ ಹೇಳುತ್ತಾನೆ. ಅದು ಶುದ್ಧ ಸುಳ್ಳು, ಅದೇ ಮಾತಿನಲ್ಲಿ ನಾಜಿಗಳನ್ನು ಖಂಡಿಸಿದ್ದಾರೆ ಅಂತ ಬಾಮೈದ. ಇಬ್ಬರೂ ವಿಡಿಯೊ ಹಾಕಿದ್ದಾರೆ. ಎರಡೂ ಅಸಲಿ ಅನ್ನಿಸುತ್ತದೆ. ಮಾತಿಗೆ ಮಾತು ಬೆಳೆದು ಬಾಮೈದ, 'ಅಮೆರಿಕದ್ದು ಬಿಡಪ್ಪ, ನಮ್ಮ ತಾಲ್ಲೂಕಿನ ಕಂಬಾಲಪಲ್ಲಿಗೆ ಯಾವ ನಾಯಕ ಏನು ಮಾಡಿದ?' ಅಂದ. ಮಗ ಗ್ರೂಪ್ ಬಿಟ್ಟ. ಡಿಸೆಂಬರ್‌ನಲ್ಲಿ ಮಗಳ ಮನೆ ಗೃಹಪ್ರವೇಶ, ಇಬ್ಬರೂ ಬರಬೇಕು. ಇವರಲ್ಲಿ ಯಾರು ಸರಿ? ನಾಯಕ ಒಂದು ಮಾತು ಆಡಿದರೆ, ಆಡದಿದ್ದರೆ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತದಾ? ಮಗ ಅಲ್ಲಿ ಕ್ಷೇಮವಾಗಿರುತ್ತಾನಾ? ನಾನು ಏನು ಮಾಡಲಿ?"

ಉತ್ತರ: ಮೇಷ್ಟ್ರೇ, ನೀವು ಕೇಳಿದ್ದು ನಾಲ್ಕು ಪ್ರಶ್ನೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಎರಡೇ ಅನ್ನಿಸುತ್ತದೆ. ಮಗ ದೂರದಲ್ಲಿ ಒಬ್ಬನೇ ಇದ್ದಾನೆ ಅನ್ನುವ ಭಯ ಒಂದು. ಮನೆಯವರು ಗೃಹಪ್ರವೇಶದ ದಿನ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೋ ಇಲ್ಲವೋ ಅನ್ನುವ ಚಿಂತೆ ಇನ್ನೊಂದು. ಆದರೂ ಟ್ರಂಪ್ ವಿಷಯದಿಂದಲೇ ಶುರು ಮಾಡುತ್ತೇನೆ. ನಡೆದದ್ದು ಏನು ಅನ್ನುವುದು ನಿಮ್ಮ ಮಗನಿಗೂ ಅರ್ಧ ಗೊತ್ತಿದೆ, ಬಾಮೈದನಿಗೂ ಅರ್ಧ ಗೊತ್ತಿದೆ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಬಹಳ ಕಾಲ ಮಾಡಿದ್ದು ಜನಪ್ರತಿನಿಧಿಗಳಿಗೆ ಪತ್ರಿಕಾ ಹೇಳಿಕೆ ಬರೆದುಕೊಡುವ ಕೆಲಸ. ಎಲ್ಲಾದರೂ ಗಲಾಟೆ ಆಯಿತು, ಯಾರೋ ಸತ್ತರು ಅಂದರೆ "ಒಂದು ಸ್ಟೇಟ್‌ಮೆಂಟ್ ರೆಡಿ ಮಾಡ್ರಿ" ಅಂತ ಫೋನ್ ಬರುತ್ತಿತ್ತು. ಬೇರೆ ಬೇರೆ ಪಕ್ಷದವರಿಗೆ ಬರೆದುಕೊಟ್ಟಿದ್ದೇನೆ. ಹಾಗಾಗಿ ಯಾವ ನಾಯಕರ ಹೇಳಿಕೆ ಓದಿದರೂ ಅದರಲ್ಲಿ ಏನು ಬಿಟ್ಟುಹೋಗಿದೆ ಅನ್ನುವುದೇ ನನಗೆ ಮೊದಲು ಕಾಣುತ್ತದೆ. ಅದು ಕಸುಬಿನ ಚಟ.

ಈಗ ಶಾರ್ಲಟ್ಸ್‌ವಿಲ್. ಅದು ವರ್ಜೀನಿಯಾ ರಾಜ್ಯದ ಒಂದು ಊರು. ಅಲ್ಲಿನ ಪಾರ್ಕಿನಲ್ಲಿ ರಾಬರ್ಟ್ ಇ. ಲೀ ಪ್ರತಿಮೆ ಇತ್ತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ಸೇನಾನಿ ಆತ. ಪ್ರತಿಮೆ ತೆಗೆಯಬೇಕು ಅಂತ ಊರಿನ ಕೌನ್ಸಿಲ್ 2017ರಲ್ಲಿ ತೀರ್ಮಾನ ಮಾಡಿತು. ಇದನ್ನು ನೆಪ ಮಾಡಿಕೊಂಡು ಬಿಳಿಯರೇ ಶ್ರೇಷ್ಠ ಅನ್ನುವ ಗುಂಪುಗಳು ಆಗಸ್ಟ್ 12ಕ್ಕೆ 'ಯುನೈಟ್ ದ ರೈಟ್' ಅನ್ನುವ ಸಭೆ ಕರೆದವು. ಹಿಂದಿನ ರಾತ್ರಿ, ಅಂದರೆ 11ರಂದು, ಅವರು ಕೈಯಲ್ಲಿ ಪಂಜು ಹಿಡಿದು ವರ್ಜೀನಿಯಾ ವಿಶ್ವವಿದ್ಯಾಲಯದ ಒಳಗೆ ಮೆರವಣಿಗೆ ಹೋದರು. "ಯಹೂದಿಗಳು ನಮ್ಮ ಜಾಗಕ್ಕೆ ಬರಲು ಬಿಡೆವು" ಅನ್ನುವ ಅರ್ಥದ ಘೋಷಣೆ ಕೂಗಿದರು. ಮರುದಿನ ಅವರಿಗೂ ವಿರೋಧಿಸಲು ಬಂದವರಿಗೂ ಹೊಡೆದಾಟ ಆಯಿತು. ಮಧ್ಯಾಹ್ನ ಒಬ್ಬ ಯುವಕ ವಿರೋಧಿಗಳ ಗುಂಪಿನ ಮೇಲೆ ಕಾರು ನುಗ್ಗಿಸಿದ. 32 ವರ್ಷದ ಹೆದರ್ ಹೇಯರ್ ಸತ್ತರು. ಬಂದೋಬಸ್ತಿನಲ್ಲಿದ್ದ ಹೆಲಿಕಾಪ್ಟರ್ ಬಿದ್ದು ಇಬ್ಬರು ಪೊಲೀಸರೂ ತೀರಿಕೊಂಡರು.

ಟ್ರಂಪ್ ಮಾತಾಡಿದ್ದು ಒಂದು ಸಲ ಅಲ್ಲ, ನಾಲ್ಕು ದಿನದಲ್ಲಿ ಮೂರು ಸಲ. ನಿಮ್ಮ ಮನೆಯ ಜಗಳದ ಗುಟ್ಟು ಇಲ್ಲೇ ಇದೆ. ಆಗಸ್ಟ್ 12ರಂದು ದ್ವೇಷ ಮತ್ತು ಹಿಂಸೆಯನ್ನು ಖಂಡಿಸಿದರು, ಆದರೆ ಅದು "ಹಲವು ಕಡೆಗಳಿಂದ" ಆಗಿದೆ ಅಂದರು, ಆ ಮಾತನ್ನು ಎರಡು ಸಲ ಹೇಳಿದರು. ಯಾವ ಗುಂಪಿನ ಹೆಸರನ್ನೂ ಎತ್ತಲಿಲ್ಲ. ಅವರ ಪಕ್ಷದವರೇ ಕೆಲವರು ಬೇಸರಪಟ್ಟರು. 14ರಂದು ವೈಟ್‌ಹೌಸ್‌ನಲ್ಲಿ ಬರೆದುಕೊಂಡು ಬಂದದ್ದನ್ನು ಓದಿದರು. ಜನಾಂಗೀಯ ದ್ವೇಷ ಕೆಟ್ಟದ್ದು ಅಂತ ಹೇಳಿ ಕೆಕೆಕೆ (ಕರಿಯರ ಮೇಲಿನ ದಾಳಿಗಳಿಗೆ ಕುಖ್ಯಾತವಾದ ಕು ಕ್ಲಕ್ಸ್ ಕ್ಲಾನ್ ಗುಂಪು), ನವ ನಾಜಿಗಳು, ಬಿಳಿ ಶ್ರೇಷ್ಠತಾವಾದಿಗಳು ಅಂತ ಹೆಸರು ಹಿಡಿದೇ ಖಂಡಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಿಮ್ಮ ಬಾಮೈದನಿಗೂ ಮಗನಿಗೂ ಜಗಳ ಆಗುತ್ತಿರಲಿಲ್ಲವೇನೋ. 15ರಂದು ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ಪತ್ರಕರ್ತರ ಜೊತೆ ಜಟಾಪಟಿ ಆಯಿತು. "ಎರಡೂ ಕಡೆ ತುಂಬಾ ಒಳ್ಳೆಯವರು ಇದ್ದರು" ಅನ್ನುವ ಪ್ರಸಿದ್ಧ ಮಾತು ಬಂದದ್ದು ಆಗ.

ಬಾಮೈದ ಸರಿ ಇರುವುದು ಎಲ್ಲಿ? ಅದೇ ಭೇಟಿಯಲ್ಲಿ, ಸ್ವಲ್ಪ ಹೊತ್ತಿನಲ್ಲೇ, "ನಾನು ನವ ನಾಜಿಗಳ, ಬಿಳಿ ರಾಷ್ಟ್ರೀಯವಾದಿಗಳ ಬಗ್ಗೆ ಹೇಳುತ್ತಿಲ್ಲ, ಅವರನ್ನು ಪೂರ್ತಿ ಖಂಡಿಸಬೇಕು" ಅನ್ನುವ ಅರ್ಥದಲ್ಲಿ ಟ್ರಂಪ್ ಹೇಳಿದ್ದಾರೆ. ಪ್ರತಿಮೆ ತೆಗೆಯುವುದನ್ನು ವಿರೋಧಿಸಲು ಬಂದ ಸಾಮಾನ್ಯ ಜನರನ್ನು ತಾನು ಒಳ್ಳೆಯವರು ಅಂದದ್ದು ಅಂತ ಅವರ ವಾದ. ಸತ್ಯ ಪರೀಕ್ಷೆ ಮಾಡುವ ಸ್ನೋಪ್ಸ್ ಸಂಸ್ಥೆ ಕೂಡ 2024ರಲ್ಲಿ, ಟ್ರಂಪ್ ನಾಜಿಗಳನ್ನು ಒಳ್ಳೆಯವರು ಅಂದರು ಅನ್ನುವುದು ಸುಳ್ಳು ಅಂತಲೇ ಬರೆಯಿತು. ನಿಮ್ಮ ಮಗ ಹಾಕಿದ ವಿಡಿಯೊ ಈ ಸಾಲಿಗೆ ಮುಂಚೆ ನಿಂತಿರಬೇಕು. ಅದು ನಕಲಿ ಅಲ್ಲ, ಕತ್ತರಿಸಿದ್ದು.

ಮಗ ಸರಿ ಇರುವುದು ಎಲ್ಲಿ? ಟ್ರಂಪ್ ಅದೇ ಭೇಟಿಯಲ್ಲಿ ಹಿಂದಿನ ರಾತ್ರಿಯ ಬಗ್ಗೆಯೂ ಮಾತಾಡಿದರು. ಜನ ಪ್ರತಿಮೆಯ ವಿಷಯಕ್ಕೆ "ತುಂಬಾ ಶಾಂತವಾಗಿ" ಪ್ರತಿಭಟಿಸುತ್ತಿದ್ದರು, ತಾನು ನೋಡಿದ್ದೇನೆ ಅಂದರು. ಹಿಂದಿನ ರಾತ್ರಿ ನಡೆದದ್ದು ಆ ಪಂಜಿನ ಮೆರವಣಿಗೆ. ಅಲ್ಲಿ ಕೂಗಿದ್ದು ಏನು ಅಂತ ಮೇಲೆ ಹೇಳಿದ್ದೇನೆ. ಸಭೆ ಕರೆದವರು, ಪೋಸ್ಟರ್‌ನಲ್ಲಿ ಹೆಸರಿದ್ದ ಭಾಷಣಕಾರರು ಬಿಳಿ ರಾಷ್ಟ್ರೀಯವಾದಿಗಳೇ. ಹಾಗಾದರೆ ಆ ಒಳ್ಳೆಯವರು ಎಲ್ಲಿ ನಿಂತಿದ್ದರು ಅಂತ ವಿರೋಧಿಗಳು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಬಾಮೈದನ ವಿಡಿಯೊದಲ್ಲಿ ಈ "ಶಾಂತವಾಗಿ" ಅನ್ನುವ ಭಾಗ ಇದೆಯಾ ನೋಡಿ. ಇದ್ದರೂ ಅವರು ಅದನ್ನು ದಾಟಿ ಹೋಗಿರುತ್ತಾರೆ.

ಒಂದು ಉದ್ದನೆಯ ಪತ್ರಿಕಾಗೋಷ್ಠಿಯಲ್ಲಿ ನಾಯಕ ಖಂಡನೆಯನ್ನೂ ಹೇಳಿದ, ವಿನಾಯಿತಿಯನ್ನೂ ಕೊಟ್ಟ. ಯಾರಿಗೆ ಯಾವುದು ಬೇಕೋ ಅದನ್ನು ಕಿತ್ತುಕೊಂಡು ಹೋದರು. ಜೋ ಬೈಡನ್ 2019ರ ಏಪ್ರಿಲ್‌ನಲ್ಲಿ ಸ್ಪರ್ಧೆ ಘೋಷಿಸಿದ ವಿಡಿಯೊದಲ್ಲಿ ಇದನ್ನೇ ಮುಂದಿಟ್ಟರು. ಟ್ರಂಪ್ ಕಡೆಯವರು ಇದನ್ನು ಮಾಧ್ಯಮದ ಸುಳ್ಳು ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದರು. ಎರಡೂ ಪಕ್ಷಕ್ಕೂ ಇದು ತೀರದ ಬಂಡವಾಳ ಆಯಿತು. ಮುಗಿಯಲಿ ಅಂತ ಯಾರಿಗೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ತಪ್ಪು 15ರದ್ದಲ್ಲ, 12ರದ್ದು. ಯಾಕೆ ಅಂತ ಹೇಳುತ್ತೇನೆ. ಹೇಳಿಕೆ ಬರೆಯುವವನಿಗೆ ಗೊತ್ತಿರುವ ಸಂಗತಿ ಇದು: ಮೊದಲ ಹೇಳಿಕೆಯೇ ಉಳಿಯುವುದು. ಎರಡನೆಯದು ಎಷ್ಟೇ ಚೆನ್ನಾಗಿದ್ದರೂ "ಒತ್ತಡಕ್ಕೆ ಮಣಿದು ಹೇಳಿದ್ದು" ಅಂತ ಜನ ಲೆಕ್ಕ ಹಾಕುತ್ತಾರೆ. ಮೂರನೆಯದು ಎರಡನೆಯದನ್ನು ಅಳಿಸಿದರಂತೂ ಮುಗಿಯಿತು. ಮರ್ಕ್ ಔಷಧ ಕಂಪನಿಯ ಮುಖ್ಯಸ್ಥ ಕೆನೆತ್ ಫ್ರೇಜರ್ 14ರ ಬೆಳಿಗ್ಗೆಯೇ ಟ್ರಂಪ್ ಅವರ ಉದ್ಯಮ ಸಲಹಾ ಮಂಡಳಿಗೆ ರಾಜೀನಾಮೆ ಕೊಟ್ಟರು. ಅಂದರೆ 'ಒಳ್ಳೆಯವರು' ಅನ್ನುವ ಮಾತು ಬರುವುದಕ್ಕೂ ಮುಂಚೆ. ಅವರನ್ನು ಕೆರಳಿಸಿದ್ದು ಮೊದಲ ದಿನದ ಹಿಂಜರಿಕೆ. 16ಕ್ಕೆ ಮಂಡಳಿಗಳನ್ನೇ ವಿಸರ್ಜಿಸಬೇಕಾಯಿತು.

ನಾಯಕರು ಹೀಗೆ ಯಾಕೆ ಹಿಂಜರಿಯುತ್ತಾರೆ? ಮನಸ್ಸಿನಲ್ಲೇ ದ್ವೇಷ ಇರುತ್ತದೆ ಅಂತ ಸುಲಭವಾಗಿ ಹೇಳಿಬಿಡಬಹುದು. ಇರಬಹುದು, ಇಲ್ಲದೆಯೂ ಇರಬಹುದು. ಆ ವಾದಕ್ಕೆ ಹೋಗಬೇಡಿ, ಅದು ಎಂದೂ ಬಗೆಹರಿಯುವುದಿಲ್ಲ. ನಾನು ಕಂಡ ಕಾರಣಗಳು ಇನ್ನೂ ಸಾಮಾನ್ಯವಾದವು. ಓಟು ಒಂದು ಕಾರಣ. ದಾಳಿ ಮಾಡಿದವರನ್ನು ಮೆಚ್ಚುವ ಜನ ಕಡಿಮೆ, ಆದರೆ ಅವರ ಸಿಟ್ಟಿನಲ್ಲಿ ಕಾಲು ಭಾಗ ಹಂಚಿಕೊಳ್ಳುವ ಜನ ಜಾಸ್ತಿ. ನಾಯಕ ಹೆದರುವುದು ಇವರಿಗೆ. ಇನ್ನೊಂದು, ಮೊದಲ ಮಾಹಿತಿ. ಮಂತ್ರಿಗೆ ಬರುವುದು ಪೊಲೀಸರ ವರದಿ. ಅದರಲ್ಲಿ ಜಗಳ ಹೇಗೆ ಶುರುವಾಯಿತು ಅಂತ ಇರುತ್ತದೆ. ಏಟು ತಿಂದವರನ್ನೇ ಯಾಕೆ ಆರಿಸಿಕೊಂಡರು ಅಂತ ಇರುವುದಿಲ್ಲ. ಮೂರನೆಯದು ಊರಿನ ಹೆಸರು ಕೆಡುತ್ತದೆ ಅನ್ನುವ ಭಯ. ಇದರ ಜೊತೆಗೆ, "ತನಿಖೆ ನಡೆಯುತ್ತಿದೆ" ಅನ್ನುವ ಮಾತು ಎಲ್ಲರಿಗೂ ಅನುಕೂಲ.

ಇದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿ ಕಡೆ ಸುಡಾನ್ ದೇಶದ ವಿದ್ಯಾರ್ಥಿಯ ಕಾರು ಡಿಕ್ಕಿ ಹೊಡೆದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿ ಗೆಳೆಯರ ಜೊತೆ ಕಾರಿನಲ್ಲಿ ಬಂದರು. ಗುಂಪು ಅವರನ್ನು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಆಗ ಗೃಹ ಸಚಿವರಾಗಿದ್ದವರು ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಜಿ. ಪರಮೇಶ್ವರ. ಇದು ಜನಾಂಗೀಯ ದಾಳಿ ಅಲ್ಲ, ಮೊದಲು ಆದ ಅಪಘಾತಕ್ಕೆ ಜನ ತೋರಿದ ಸಿಟ್ಟು ಅಂತ ಅವರು ಹೇಳಿದರು. ತಾಂಜಾನಿಯಾದ ರಾಯಭಾರಿ ಒಪ್ಪಲಿಲ್ಲ. ಕೇಂದ್ರದಲ್ಲಿ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಇದು ನಾಚಿಕೆಗೇಡಿನ ಘಟನೆ ಅಂದರು. ರಾಜ್ಯದಲ್ಲಿ ಒಂದು ಪಕ್ಷ, ಕೇಂದ್ರದಲ್ಲಿ ಇನ್ನೊಂದು. ಕೆಸರೆರಚಾಟ ಬೇಕಾದಷ್ಟು ಆಯಿತು.

ಸಚಿವರು ಹೇಳಿದ ಕಾರಣ ಸುಳ್ಳಲ್ಲ. ಅಪಘಾತ ಆಗಿತ್ತು, ಜನ ಸಿಟ್ಟಾಗಿದ್ದರು. ಆದರೆ ಆ ಹುಡುಗಿಗೂ ಅಪಘಾತಕ್ಕೂ ಇದ್ದ ಸಂಬಂಧ ಏನು? ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಗುಂಪಿನ ಕಣ್ಣಿಗೆ ಇಬ್ಬರೂ ಕಪ್ಪು, ಅಷ್ಟೇ. ಸಿಟ್ಟಿಗೆ ಕಾರಣ ಅಪಘಾತ ಇರಬಹುದು, ಏಟು ಯಾರಿಗೆ ಬೀಳಬೇಕು ಅಂತ ತೀರ್ಮಾನ ಮಾಡಿದ್ದು ಬಣ್ಣ. ಹೇಳಿಕೆ ಬರೆಯುವವರು ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಡುತ್ತಾರೆ. ಆ ಪ್ರಕರಣದಲ್ಲಿ ಬಂಧನಗಳಾದವು, ಪೊಲೀಸರೂ ಅಮಾನತಾದರು, ಅದನ್ನೂ ಹೇಳಬೇಕು. ಆದರೂ ಆಫ್ರಿಕಾದ ವಿದ್ಯಾರ್ಥಿಗಳ ಕಿವಿಯಲ್ಲಿ ಉಳಿದದ್ದು "ಜನಾಂಗೀಯ ಅಲ್ಲ" ಅನ್ನುವ ಮಾತು. ಮುಂದಿನ ವರ್ಷ ಗ್ರೇಟರ್ ನೋಯ್ಡಾದಲ್ಲಿ ನೈಜೀರಿಯಾದವರ ಮೇಲೆ ದಾಳಿಯಾದಾಗ, ತನಿಖೆ ಮುಗಿಯುವವರೆಗೆ ಅದನ್ನು ಜನಾಂಗೀಯ ಅನ್ನಲು ಬಾರದು ಅಂತ ಸುಷ್ಮಾ ಅವರೇ ಸಂಸತ್ತಿನಲ್ಲಿ ಹೇಳಿದರು. ರಾಜ್ಯದ ಕುರ್ಚಿಯಲ್ಲಿರುವ ಪಕ್ಷ ಬದಲಾದರೆ ಹೇಳಿಕೆಯೂ ಬದಲಾಗುತ್ತದೆ.

ನಿಮ್ಮ ಎರಡನೇ ಪ್ರಶ್ನೆ, ನಾಯಕನ ಮಾತಿನಿಂದ ವ್ಯತ್ಯಾಸ ಆಗುತ್ತದಾ ಅನ್ನುವುದು. ಇದರ ಬಗ್ಗೆ ಎರಡು ಕಡೆಯೂ ಜಾಸ್ತಿ ಹೇಳುತ್ತಾರೆ. ಟ್ರಂಪ್ ಬಂದ ಮೇಲೆ ದ್ವೇಷದ ಅಪರಾಧ, ಅಂದರೆ ಜನಾಂಗ, ಧರ್ಮ ನೋಡಿ ಮಾಡುವ ಅಪರಾಧ, ಏರಿತು ಅಂತ ಒಂದು ಲೆಕ್ಕ ಓಡಾಡುತ್ತದೆ. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಅಂಕಿ ಪ್ರಕಾರ 2016ರಲ್ಲಿ 6,121 ಪ್ರಕರಣ, 2017ರಲ್ಲಿ 7,175. ಶೇಕಡಾ 17ರಷ್ಟು ಏರಿಕೆ. ಆದರೆ ಆ ವರ್ಷ ಸುಮಾರು 1,000 ಪೊಲೀಸ್ ಸಂಸ್ಥೆಗಳು ಹೊಸದಾಗಿ ಮಾಹಿತಿ ಕೊಟ್ಟವು. ಲೆಕ್ಕ ಹಾಕುವವರು ಜಾಸ್ತಿಯಾದರೆ ಲೆಕ್ಕವೂ ಜಾಸ್ತಿ ಆಗುತ್ತದೆ, ಅಲ್ವಾ? ಅದಕ್ಕೇ ಆ ಅಂಕಿಯನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಕಷ್ಟ.

ಇನ್ನೊಂದು ಕಡೆಯ ಉದಾಹರಣೆ ಜಾರ್ಜ್ ಬುಷ್ ಅವರದು. 2001ರ ಸೆಪ್ಟೆಂಬರ್ 11ರ ದಾಳಿ ಆಗಿ ಆರನೇ ದಿನಕ್ಕೆ ಅವರು ವಾಷಿಂಗ್ಟನ್‌ನ ಇಸ್ಲಾಮಿಕ್ ಸೆಂಟರಿಗೆ ಹೋಗಿ, ಅಮೆರಿಕದ ಮುಸ್ಲಿಮರನ್ನು ಹೆದರಿಸಬಾರದು ಅಂತ ಹೇಳಿದರು. ಸ್ಪಷ್ಟವಾದ ಮಾತು, ಬೇಗ ಆಡಿದ ಮಾತು. ಆದರೆ ಅದಕ್ಕೆ ಎರಡು ದಿನ ಮುಂಚೆಯೇ ಅರಿಜೋನಾದಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದ ಬಲ್ಬೀರ್ ಸಿಂಗ್ ಸೋಧಿ ಅವರನ್ನು, ಪೇಟ ನೋಡಿ ಮುಸ್ಲಿಂ ಅಂದುಕೊಂಡು ಒಬ್ಬ ಗುಂಡಿಕ್ಕಿ ಕೊಂದಿದ್ದ. ಎಫ್‌ಬಿಐ ದಾಖಲಿಸಿದ ಮುಸ್ಲಿಂ ವಿರೋಧಿ ಪ್ರಕರಣಗಳು 2000ದಲ್ಲಿ 28 ಇದ್ದವು, 2001ರಲ್ಲಿ 481 ಆದವು. 2002ರಲ್ಲಿ 155ಕ್ಕೆ ಇಳಿದವು. ಬುಷ್ ಮಾತು ಏರಿಕೆಯನ್ನು ತಡೆಯಲಿಲ್ಲ. ಇಳಿಕೆಗೆ ಅದೂ ಒಂದು ಕಾರಣವೋ ಏನೋ, ಅದೊಂದೇ ಕಾರಣ ಅಂತ ಹೇಳಲು ಆಗುವುದಿಲ್ಲ.

ಹಾಗಾದರೆ ಮಾತಿಗೆ ಬೆಲೆ ಇಲ್ಲವಾ? ಇದೆ, ಇಬ್ಬರ ಮಟ್ಟಿಗೆ. ಏಟು ತಿಂದವರಿಗೆ, ಏಟು ಕೊಟ್ಟವರಿಗೆ. ಶಾರ್ಲಟ್ಸ್‌ವಿಲ್ ಆದ ಮೇಲೆ, 15ರ ಪತ್ರಿಕಾಗೋಷ್ಠಿ ಮುಗಿದ ಕೂಡಲೇ, ಕೆಕೆಕೆಯ ಹಳೆಯ ಮುಖಂಡ ಡೇವಿಡ್ ಡ್ಯೂಕ್ ಟ್ರಂಪ್‌ಗೆ ಬಹಿರಂಗವಾಗಿ ಧನ್ಯವಾದ ಹೇಳಿದ. ಯಾರು ಧನ್ಯವಾದ ಹೇಳುತ್ತಾರೆ ಅನ್ನುವುದು ನಾಯಕನ ಕೈಯಲ್ಲಿಲ್ಲ. ಮರುದಿನವೇ "ನಿನ್ನ ಧನ್ಯವಾದ ಬೇಡ" ಅನ್ನುವುದು ಮಾತ್ರ ಕೈಯಲ್ಲಿದೆ. 2020ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಚರ್ಚೆಯ ವೇದಿಕೆಯಲ್ಲಿ ಪ್ರೌಡ್ ಬಾಯ್ಸ್ ಅನ್ನುವ ಬಲಪಂಥೀಯ ಉಗ್ರ ಗುಂಪಿಗೆ ಟ್ರಂಪ್ "ಹಿಂದೆ ಸರಿದು ಸಿದ್ಧರಾಗಿರಿ" ಅನ್ನುವಂಥ ಮಾತು ಹೇಳಿದರು. ಆ ಗುಂಪಿನವರು ಅದನ್ನೇ ತಮ್ಮ ಘೋಷಣೆ ಮಾಡಿಕೊಂಡರು. ಎರಡು ದಿನದ ಮೇಲೆ ಟಿವಿಯಲ್ಲಿ ಎಲ್ಲ ಬಿಳಿ ಶ್ರೇಷ್ಠತಾವಾದಿಗಳನ್ನೂ ಖಂಡಿಸುತ್ತೇನೆ ಅಂದರು. ಮತ್ತೆ ಅದೇ ಕ್ರಮ ನೋಡಿ, ಮೊದಲು ಜಾರುವ ಮಾತು, ಆಮೇಲೆ ಗಟ್ಟಿ ಮಾತು.

ನಿಮ್ಮ ಮಗನಂಥವರಿಗೆ ಹತ್ತಿರದ್ದು ಕ್ಯಾನ್ಸಸ್ ರಾಜ್ಯದ ಪ್ರಕರಣ. 2017ರ ಫೆಬ್ರವರಿ 22ರಂದು ಒಲೇಥ ಊರಿನ ಬಾರ್ ಒಂದರಲ್ಲಿ ಹೈದರಾಬಾದಿನ ಇಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ ಅವರನ್ನು "ನಮ್ಮ ದೇಶ ಬಿಟ್ಟು ಹೋಗು" ಅಂತ ಕೂಗಿದವನು ಗುಂಡಿಟ್ಟು ಕೊಂದ. ಇದನ್ನು ತಡೆಯಲು ಸರ್ಕಾರ ಏನು ಮಾಡುತ್ತದೆ ಅಂತ ಅವರ ಹೆಂಡತಿ ಪತ್ರಕರ್ತರ ಮುಂದೆ ಕೇಳಿದರು. ಅಧ್ಯಕ್ಷರ ಮಾತಿಗೂ ಇದಕ್ಕೂ ಸಂಬಂಧ ಕಟ್ಟುವುದು ಅಸಂಬದ್ಧ ಅಂತ ವೈಟ್‌ಹೌಸ್ ವಕ್ತಾರರು ಅಂದರು. ಟ್ರಂಪ್ ತಾವೇ ಬಾಯಿ ಬಿಟ್ಟಿದ್ದು 28ರಂದು, ಸಂಸತ್ತಿನ ಭಾಷಣದಲ್ಲಿ. ಖಂಡಿಸಿದ್ದು ನಿಜ. ಆರು ದಿನ ಆಗಿತ್ತು ಅನ್ನುವುದೂ ನಿಜ. ಕೊಂದವನಿಗೆ 2018ರಲ್ಲಿ ಜೀವಾವಧಿ ಶಿಕ್ಷೆ ಆಯಿತು. ಶಾರ್ಲಟ್ಸ್‌ವಿಲ್‌ನಲ್ಲಿ ಕಾರು ನುಗ್ಗಿಸಿದವನಿಗೂ ಹಾಗೇ ಆಯಿತು. ಅಧ್ಯಕ್ಷ ಏನೇ ಹೇಳಲಿ, ಪೊಲೀಸ್ ಮತ್ತು ಕೋರ್ಟು ತಮ್ಮ ಕೆಲಸ ಮಾಡಿದವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇಲ್ಲಿ ನಮ್ಮವರು ಒಂದು ತಪ್ಪು ತಿಳಿಯುತ್ತಾರೆ. ಟ್ರಂಪ್‌ಗೆ ಮನಸ್ಸಿದ್ದರೆ ಆ ಸಂಘಟನೆಗಳನ್ನು ನಿಷೇಧಿಸಬಹುದಿತ್ತು ಅಂತ. ನಮ್ಮಲ್ಲಿ ಯುಎಪಿಎ ಕಾಯ್ದೆ ಇದೆ, ಸರ್ಕಾರ ಸಂಘಟನೆಯನ್ನು ನಿಷೇಧಿಸುತ್ತದೆ. ಅಮೆರಿಕದಲ್ಲಿ ದೇಶದೊಳಗಿನ ಗುಂಪುಗಳನ್ನು ಅಷ್ಟು ಸುಲಭವಾಗಿ ಹಾಗೆ ಮಾಡಲು ಬರುವುದಿಲ್ಲ. 1969ರಲ್ಲಿ ಕೆಕೆಕೆ ಮುಖಂಡ ಬ್ರಾಂಡನ್‌ಬರ್ಗ್ ಎಂಬಾತನ ಮೊಕದ್ದಮೆಯಲ್ಲೇ ಅಲ್ಲಿನ ಸುಪ್ರೀಂ ಕೋರ್ಟು, ಆ ಕ್ಷಣದಲ್ಲೇ ಹಿಂಸೆಗೆ ಪ್ರಚೋದಿಸದ ಮಾತಿಗೆ ಶಿಕ್ಷೆ ಇಲ್ಲ ಅಂತ ಹೇಳಿಬಿಟ್ಟಿದೆ. ಶಾರ್ಲಟ್ಸ್‌ವಿಲ್ ಸಭೆಗೂ ಅದೇ ಪಾರ್ಕಿನಲ್ಲಿ ಜಾಗ ಸಿಕ್ಕಿದ್ದು ಕೋರ್ಟಿನಿಂದ, ಅದೂ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ವಾದಿಸಿದ್ದರಿಂದ. ಅಲ್ಲಿ ನಾಯಕನ ಕೈಯಲ್ಲಿ ನಿಷೇಧದ ಅಸ್ತ್ರ ಇಲ್ಲದ್ದರಿಂದಲೇ ಅವನ ಮಾತಿನ ಮೇಲೆ ಅಷ್ಟು ಜಗಳ.

ಬೇರೆ ಕಡೆ ಬೇರೆ ಥರ ಆಗಿದೆ. ಬ್ರಿಟನ್‌ನಲ್ಲಿ 1968ರ ಏಪ್ರಿಲ್ 20ರಂದು ಸಂಸದ ಇನಾಕ್ ಪೊವೆಲ್ ವಲಸಿಗರ ವಿರುದ್ಧ ಭಾಷಣ ಮಾಡಿದರು. ಅವರ ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ಛಾಯಾ ಸಂಪುಟದಿಂದ, ಅಂದರೆ ವಿರೋಧ ಪಕ್ಷದ ಮುಂಚೂಣಿ ತಂಡದಿಂದ, ಕಿತ್ತುಹಾಕಿದರು. ಹಡಗುಕಟ್ಟೆಯ ಕಾರ್ಮಿಕರು ಪೊವೆಲ್ ಪರ ಬೀದಿಗಿಳಿದರು. ಆದರೂ ಹೀತ್ 1970ರ ಚುನಾವಣೆ ಗೆದ್ದರು. ಪೊವೆಲ್ ಮಾತೇ ಅವರಿಗೆ ಓಟು ತಂದಿತು ಅನ್ನುವವರೂ ಇದ್ದಾರೆ, ಹಾಗಾಗಿ ಇದೂ ನೇರ ಪಾಠ ಅಲ್ಲ. ನ್ಯೂಜಿಲೆಂಡ್‌ನಲ್ಲಿ 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನು ಕೊಂದಾಗ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಲೆಗಾರನ ಹೆಸರನ್ನೇ ಎತ್ತುವುದಿಲ್ಲ ಅಂದರು. ತಿಂಗಳೊಳಗೆ ಬಂದೂಕು ಕಾನೂನು ಬದಲಾಯಿತು, ವಿರೋಧ ಪಕ್ಷವೂ ಜೊತೆ ನಿಂತಿತು. ಆಮೇಲೆ ವಿಚಾರಣಾ ಆಯೋಗ, ಗುಪ್ತಚರರು ಬಿಳಿ ಉಗ್ರರ ಕಡೆ ಸಾಕಷ್ಟು ಕಣ್ಣಿಟ್ಟಿರಲಿಲ್ಲ ಅಂತ ಹೇಳಿತು. ಆರ್ಡರ್ನ್ ಕ್ಷಮೆ ಕೇಳಿದರು.

ಈಗ ಬಾಮೈದ ಎಸೆದ ಪ್ರಶ್ನೆಗೆ ಬರೋಣ. ಅವರು ಅದನ್ನು ಬಾಯಿ ಮುಚ್ಚಿಸಲು ಕೇಳಿದ್ದಿರಬಹುದು. ಆದರೆ ಪ್ರಶ್ನೆ ಗಟ್ಟಿಯಾಗಿದೆ. 2000ದ ಮಾರ್ಚ್ 11ರಂದು, ನಿಮ್ಮ ಜಿಲ್ಲೆ ಇನ್ನೂ ಕೋಲಾರದಲ್ಲೇ ಸೇರಿದ್ದಾಗ, ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ರಾಜಕಾರಣಿಗಳು ಬಂದರು, ಖಂಡಿಸಿದರು. ಯಾರೂ ಅಲ್ಲಿ "ಎರಡೂ ಕಡೆ ಒಳ್ಳೆಯವರು" ಅನ್ನಲಿಲ್ಲ. ಮಾತಿನ ಪರೀಕ್ಷೆಯಲ್ಲಿ ಎಲ್ಲರೂ ಪಾಸು. ಆದರೆ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಕೋಲಾರದ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟು ಸತ್ತರು, ಕೊಂದದ್ದು ಯಾರು ಅಂತ ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ಗೊತ್ತಿಲ್ಲ. ಶಾರ್ಲಟ್ಸ್‌ವಿಲ್‌ನಲ್ಲಿ ಮಾತು ಕೆಟ್ಟಿತು, ಶಿಕ್ಷೆ ಆಯಿತು. ಕಂಬಾಲಪಲ್ಲಿಯಲ್ಲಿ ಮಾತು ಸರಿಯಿತ್ತು, ಶಿಕ್ಷೆ ಆಗಲಿಲ್ಲ. ನಾನು ಬರೆದ ಎಷ್ಟೋ ಹೇಳಿಕೆಗಳಲ್ಲಿ "ತಪ್ಪಿತಸ್ಥರ ವಿರುದ್ಧ ಕಠಿಣ ಕ್ರಮ" ಅನ್ನುವ ಸಾಲು ಇದೆ. ಆ ಸಾಲನ್ನು ಬರೆಯುವುದು ಬಲು ಸುಲಭ. ಸಾಕ್ಷಿ ಹೇಳುವವನ ಮನೆಗೆ ರಾತ್ರಿ ಕಾವಲು ಹಾಕುವುದು, ಒಳ್ಳೆಯ ಸರ್ಕಾರಿ ವಕೀಲರನ್ನು ನೇಮಿಸುವುದು, ಕೇಸು ಆರು ವರ್ಷ ಎಳೆಯದಂತೆ ನೋಡಿಕೊಳ್ಳುವುದು, ಇವು ಯಾವ ಹೇಳಿಕೆಯಲ್ಲೂ ಇರುವುದಿಲ್ಲ.

ಜಾತಿಯೂ ಜನಾಂಗವೂ ಒಂದೇ ಅಲ್ಲ ಅಂತ ಬಾಮೈದನಿಗೆ ಯಾರಾದರೂ ಹೇಳಬಹುದು. ಆ ವಾದ ದೊಡ್ಡ ಮಟ್ಟದಲ್ಲೇ ನಡೆದಿದೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ವಿರೋಧಿ ಸಮ್ಮೇಳನ ನಡೆದಾಗ, ಜಾತಿಯ ವಿಷಯ ಅಲ್ಲಿ ಬರಬಾರದು ಅಂತ ಭಾರತ ಸರ್ಕಾರ ಹಟ ಹಿಡಿಯಿತು. ದಲಿತ ಸಂಘಟನೆಗಳು ಬರಲೇಬೇಕು ಅಂದವು. ಮರುವರ್ಷ ವಿಶ್ವಸಂಸ್ಥೆಯ ಸಮಿತಿ, ಹುಟ್ಟಿನ ಮೇಲೆ ಮಾಡುವ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಅಂತ ಹೇಳಿತು. ಸರ್ಕಾರ ಒಪ್ಪಲಿಲ್ಲ. ನಿಮ್ಮ ಮನೆಯ ಜಗಳಕ್ಕೆ ಈ ವಾದ ಬೇಕಾಗಿಲ್ಲ. ನಾಯಕ ಹೇಗೆ ನಡೆದುಕೊಂಡ ಅಂತ ಅಳೆಯುವ ಕೋಲು ಎರಡಕ್ಕೂ ಒಂದೇ: ಎಷ್ಟು ಬೇಗ ಮಾತಾಡಿದ, ಏಟು ಬಿದ್ದದ್ದು ಯಾರಿಗೆ, ಯಾಕೆ ಅಂತ ಬಾಯಿ ಬಿಟ್ಟು ಹೇಳಿದನಾ, ತನ್ನ ಕಡೆಯವರೇ ಮಾಡಿದ್ದಾಗಲೂ ಹೇಳಿದನಾ, ಆಮೇಲೆ ಕೇಸು ಎಲ್ಲಿಗೆ ಹೋಯಿತು. ಈ ಕೋಲು ಹಿಡಿದರೆ ಮಗನಿಗೂ ಬಾಮೈದನಿಗೂ ಒಂದಷ್ಟು ಕಹಿ ಸಿಗುತ್ತದೆ.

ಇನ್ನು ನೀವು ಏನು ಮಾಡಬಹುದು ಅನ್ನುವುದು. ಗ್ರೂಪಿನಲ್ಲಿ ರಾಜಕೀಯ ಬೇಡ ಅಂತ ಅಡ್ಮಿನ್ ಆಗಿ ನಿಯಮ ಹಾಕಬಹುದು. ಬಹಳ ಮನೆಗಳಲ್ಲಿ ಹಾಗೇ ಮಾಡುತ್ತಾರೆ. ತೊಂದರೆ ಏನೆಂದರೆ, ಮಗ ಹೊರಗೆ ಹೋದ ಮೇಲೆ ನಿಯಮ ಬಂದರೆ ಅವನ ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ. ಇಬ್ಬರಿಗೂ ಪತ್ರಿಕಾಗೋಷ್ಠಿಯ ಮಾತನ್ನೆಲ್ಲ ಬರಹ ರೂಪದಲ್ಲಿ ಕಳಿಸಿ ಓದಿಸಬಹುದು. ಮೇಷ್ಟ್ರಾಗಿ ನಿಮಗೆ ಇದೇ ಇಷ್ಟ ಆಗುತ್ತದೆ ಅಂತ ಗೊತ್ತು. ಆದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಕಳಿಸಬೇಡಿ. ಹತ್ತು ಜನ ನೋಡುತ್ತಿರುವಾಗ ಸೋತೆ ಅಂತ ಒಪ್ಪುವ ಗಂಡಸು ನಮ್ಮ ಕಡೆ ಹುಟ್ಟಿಲ್ಲ. ಹಿರಿಯನಾಗಿ ತೀರ್ಪು ಕೊಡುವ ದಾರಿಯೂ ಇದೆ, ಅದು ಎಲ್ಲಕ್ಕಿಂತ ಅಪಾಯ. ಸೋತವನು ಗೃಹಪ್ರವೇಶಕ್ಕೆ ಬರುವುದಿಲ್ಲ. ನಿಮ್ಮ ಮನೆಯವರಿಗೆ ಅದು ತವರಿನ ವಿಷಯ ಬೇರೆ. ಸುಮ್ನೆ ಬಿಟ್ಟುಬಿಡುವುದೂ ಒಂದು ದಾರಿ. ಡಿಸೆಂಬರ್ ಹೊತ್ತಿಗೆ ಕಾವು ಆರುತ್ತದೆ. ಆದರೆ ಮಗನ ಮನಸ್ಸಿನಲ್ಲಿ ಏನಿದೆ ಅಂತ ನಿಮಗೆ ಗೊತ್ತಾಗದೆ ಹೋಗುತ್ತದೆ.

ನಾನಾಗಿದ್ದರೆ ಎರಡು ಫೋನ್ ಮಾಡುತ್ತಿದ್ದೆ. ಮೊದಲನೆಯದು ಬಾಮೈದನಿಗೆ. ಕಂಬಾಲಪಲ್ಲಿ ವಿಷಯದಲ್ಲಿ ನೀನು ಕೇಳಿದ್ದು ಸರಿ ಅಂತ ಮೊದಲು ಒಪ್ಪಿಕೊಳ್ಳಿ, ಯಾಕೆಂದರೆ ಅದು ನಿಜವಾಗಿಯೂ ಸರಿ. ನಾಜಿಗಳ ಬಗ್ಗೆ ಟ್ರಂಪ್ ಆಡಿದ ಸಾಲನ್ನೂ ಒಪ್ಪಿ. ಆಮೇಲೆ ಪಂಜಿನ ಮೆರವಣಿಗೆ ನೋಡಿದ್ದೀಯಾ ಅಂತ ಕೇಳಿ, ಅಷ್ಟಕ್ಕೆ ನಿಲ್ಲಿಸಿ. ಉತ್ತರಕ್ಕೆ ಒತ್ತಾಯ ಮಾಡಬೇಡಿ.

ಎರಡನೆಯದು ಮಗನಿಗೆ. ಟ್ರಂಪ್ ವಿಷಯವನ್ನೇ ಎತ್ತಬೇಡಿ. ವರ್ಷಗಳ ಹಿಂದಿನ ಮಾತಿಗೆ ಒಬ್ಬ ಹುಡುಗ ಸೋದರಮಾವನ ಜೊತೆ ಗ್ರೂಪ್ ಬಿಡುವಷ್ಟು ಜಗಳ ಆಡಿದ್ದಾನೆ ಅಂದರೆ, ಅವನಿಗೇ ಏನಾದರೂ ಆಗಿದೆಯಾ ಅಂತ ನನಗೆ ಅನುಮಾನ. ಅಂಗಡಿಯಲ್ಲಿ ಯಾರಾದರೂ ಅಂದಿರಬಹುದು, ಪಾರ್ಕಿಂಗ್‌ನಲ್ಲಿ ಕೂಗಿರಬಹುದು. ಮಕ್ಕಳು ಅಂಥದ್ದನ್ನು ಊರಿಗೆ ಹೇಳುವುದಿಲ್ಲ. "ಕೆಲಸ ಬಿಟ್ಟು ಬಂದುಬಿಡು" ಅಂತ ಅಮ್ಮ ಅಳುತ್ತಾಳೆ ಅನ್ನುವ ಭಯ. "ನಿನಗೆ ಅಲ್ಲಿ ಯಾರಾದರೂ ಏನಾದರೂ ಅಂದಿದ್ದಾರೇನಪ್ಪಾ?" ಅಂತ ನೇರವಾಗಿ ಕೇಳಿ. ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳಿ. ಬಂದುಬಿಡು ಅನ್ನಬೇಡಿ.

ಕ್ಷೇಮದ ಬಗ್ಗೆ ನಾನು ಗ್ಯಾರಂಟಿ ಕೊಡಲಾರೆ, ಯಾರೂ ಕೊಡಲಾರರು. ಅಲ್ಲಿ ಲಕ್ಷಾಂತರ ಭಾರತೀಯರ ದಿನಗಳು ಆಫೀಸು, ಮನೆ, ಅಂಗಡಿ ಅಂತ ಸಾಮಾನ್ಯವಾಗೇ ಕಳೆಯುತ್ತವೆ. ಕೆಟ್ಟದ್ದೂ ಆಗುತ್ತದೆ. 2022ರ ಆಗಸ್ಟ್‌ನಲ್ಲಿ ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿ ನಾಲ್ವರು ಭಾರತೀಯ ಮೂಲದ ಹೆಂಗಸರನ್ನು ಒಬ್ಬಾಕೆ ಬೈದು ಹೊಡೆದಳು. ಅವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಪೊಲೀಸರಿಗೆ ಹೇಳಿದರು, ಮರುದಿನವೇ ಬಂಧನ ಆಯಿತು. ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಅಂತ ನಮ್ಮ ಹುಡುಗರು ಹೆದರುತ್ತಾರೆ. ಅದು ತಪ್ಪು ತಿಳಿವಳಿಕೆ. ಕಾನೂನುಬದ್ಧವಾಗಿ ಇರುವವನು ಏಟು ತಿಂದೆ ಅಂತ ದೂರು ಕೊಟ್ಟ ಮಾತ್ರಕ್ಕೆ ವೀಸಾ ಹೋಗುವುದಿಲ್ಲ. ಕೆಲವು ಅಪರಾಧಗಳಲ್ಲಿ ಪೊಲೀಸರಿಗೆ ನೆರವಾದ ಸಂತ್ರಸ್ತರಿಗೆಂದೇ ಅಲ್ಲಿ ಬೇರೆ ವೀಸಾ ಕೂಡ ಇದೆ.

ಅಪಾಯ ಅನ್ನಿಸಿದಾಗ ವಾದಕ್ಕೆ ನಿಲ್ಲದೆ ಜಾಗ ಬಿಡುವುದು, 911ಕ್ಕೆ ಫೋನ್ ಮಾಡುವುದು, ಎದುರಿನವರು ಆಡಿದ ಮಾತನ್ನು ಆಡಿದ ಹಾಗೇ ಬರೆದಿಟ್ಟುಕೊಳ್ಳುವುದು ಮುಖ್ಯ. ದ್ವೇಷದ ಅಪರಾಧ ಅಂತ ಸಾಬೀತು ಮಾಡಲು ಆ ಮಾತೇ ಸಾಕ್ಷಿ. ಟೆಕ್ಸಾಸ್ ರಾಜ್ಯಕ್ಕೆ ಭಾರತದ ಕಾನ್ಸುಲೇಟ್ ಇರುವುದು ಹ್ಯೂಸ್ಟನ್‌ನಲ್ಲಿ. ನಮ್ಮ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ನೀವು ಚಿಂತಾಮಣಿಯಲ್ಲೇ ಕೂತು ದೂರು ದಾಖಲಿಸಬಹುದು. ಮಗನ ಪಾಸ್‌ಪೋರ್ಟ್ ನಂಬರ್, ಅವನ ಮನೆ ವಿಳಾಸ, ಅಲ್ಲಿರುವ ಒಬ್ಬ ಗೆಳೆಯನ ಫೋನ್ ನಂಬರ್ ನಿಮ್ಮ ಹತ್ತಿರ ಬರೆದಿಟ್ಟಿರಲಿ. ಹ್ಯೂಸ್ಟನ್ ಕಾನ್ಸುಲೇಟಿನ ತುರ್ತು ನಂಬರ್ ಅವನ ಮೊಬೈಲಿನಲ್ಲೂ ನಿಮ್ಮ ಮೊಬೈಲಿನಲ್ಲೂ ಇರಲಿ.